ಕಾಲಂನ ಹೆಸರನ್ನು ನಂಬಬೇಡಿ, ಒಳಗಿರುವುದನ್ನು ಎಣಿಸಿ

'ಜನ್ಮದಿನಾಂಕ' ಎಂಬ ಕಾಲಂನಲ್ಲಿ ಜನ್ಮದಿನಾಂಕವೇ ಇರುತ್ತದೆ ಎಂದುಕೊಂಡು ವರದಿ ಸಿದ್ಧಪಡಿಸಿದವರು ಸಾಮಾನ್ಯವಾಗಿ ಅದನ್ನು ಇನ್ನೊಮ್ಮೆ ಸಿದ್ಧಪಡಿಸುತ್ತಾರೆ. ಹೆಸರು ತಿಳಿಸುವುದು ಡೇಟಾಬೇಸ್ ಕಟ್ಟಿದವರ ಉದ್ದೇಶವನ್ನು ಮಾತ್ರ. ಫಾರಂ ತುಂಬಿದವರ ಆತುರ, ಹಳೆಯ ವ್ಯವಸ್ಥೆಯಿಂದ ತಂದು ಸುರಿದ ದಾಖಲೆ, ನಡುವೆ ಬದಲಾದ ನಿಯಮ ಎಲ್ಲವೂ ಆಮೇಲೆ ಅದರೊಳಗೆ ಸೇರಿಕೊಂಡಿರುತ್ತವೆ. ಇವನ್ನು ಎಣಿಸಿ, ಅಳೆದು ಅರಿಯುವ ಕೆಲಸಕ್ಕೆ ಡೇಟಾ ಪ್ರೊಫೈಲಿಂಗ್ ಎನ್ನುತ್ತಾರೆ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ ನಾಲ್ಕಾರು ಆಜ್ಞೆಗಳು ಸಾಕು. ಉದಾಹರಣೆಗೆ, ಗ್ರಂಥಾಲಯವೊಂದರ 'ಸದಸ್ಯರು' ಟೇಬಲ್ ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ.

ಮೊದಲು ಪಟ್ಟಿ

ಟೇಬಲ್‌ನಲ್ಲಿರುವ ಎಲ್ಲ ಕಾಲಂಗಳ ಹೆಸರು, ದತ್ತಾಂಶದ ಬಗೆ, ಖಾಲಿ ಬಿಡಲು ಅವಕಾಶವಿದೆಯೇ ಎಂಬುದನ್ನು ಬರೆದುಕೊಳ್ಳಿ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಎಂಬ ಮೂರು ಡೇಟಾಬೇಸ್ ತಂತ್ರಾಂಶಗಳಲ್ಲೂ 'ಇನ್ಫರ್ಮೇಶನ್ ಸ್ಕೀಮಾ' ಈ ವಿವರವನ್ನು ಕೊಡುತ್ತದೆ. ಓದಲು ಮಾತ್ರ ಅನುಮತಿ ಇರುವ ಖಾತೆಯಿಂದ ಕೆಲಸ ಮಾಡಿ. ತಪ್ಪು ಕಂಡಲ್ಲೆಲ್ಲ ತಿದ್ದುವ ಚಪಲ ಹುಟ್ಟುತ್ತದೆ, ಅದಕ್ಕೆ ಇದು ಸಮಯವಲ್ಲ.

ಮೂರು ಎಣಿಕೆ

ಪ್ರತಿ ಕಾಲಂಗೂ ಮೂರು ಸಂಖ್ಯೆ ಬೇಕು: ಒಟ್ಟು ಸಾಲುಗಳು, ಮೌಲ್ಯ ಇರುವ ಸಾಲುಗಳು, ಬೇರೆ ಬೇರೆ ಮೌಲ್ಯಗಳು. ಕೌಂಟ್ ಆಜ್ಞೆಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಅದು ಎಲ್ಲ ಸಾಲುಗಳನ್ನೂ ಎಣಿಸುತ್ತದೆ. ಕಾಲಂನ ಹೆಸರು ಕೊಟ್ಟರೆ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಇರುವ ಸಾಲುಗಳನ್ನು ಬಿಟ್ಟು ಎಣಿಸುತ್ತದೆ. ಇವೆರಡರ ವ್ಯತ್ಯಾಸವೇ ನಲ್‌ಗಳ ಸಂಖ್ಯೆ. ಕೌಂಟ್ ಡಿಸ್ಟಿಂಕ್ಟ್‌ನಿಂದ ಮೂರನೆಯದು ಸಿಗುತ್ತದೆ.

ಸದಸ್ಯ ಸಂಖ್ಯೆಯಲ್ಲಿ ಮೂರೂ 40,000 ಎಂದು ಬಂದರೆ ಪ್ರತಿ ಸಾಲನ್ನೂ ಅದರಿಂದಲೇ ಗುರುತಿಸಬಹುದು. ಮೊದಲ ಎರಡು 40,000 ಇದ್ದು ಮೂರನೆಯದು 39,988 ಎಂದು ಬಂದರೆ 12 ಸಾಲುಗಳಲ್ಲಿ ಬೇರೆಡೆ ಇರುವ ಸಂಖ್ಯೆಯೇ ಮತ್ತೆ ಬಂದಿದೆ. ಬೇರೆ ಟೇಬಲ್ ಜೋಡಿಸಿದಾಗ ಲೆಕ್ಕ ಉಬ್ಬುವುದು ಇಂಥವುಗಳಿಂದಲೇ. ಎಲ್ಲ ಸಾಲುಗಳಲ್ಲೂ ಒಂದೇ ಮೌಲ್ಯವಿರುವ ಕಾಲಂ ಕಂಡರೆ ಅದನ್ನು ಯಾರೂ ಬಳಸುತ್ತಿಲ್ಲ ಎಂದು ಅನುಮಾನಿಸಬಹುದು.

ನಲ್ ಮಾತ್ರವೇ ಖಾಲಿಯಲ್ಲ. ಏನೂ ಇಲ್ಲದ ಪಠ್ಯ, ಒಂದೇ ಒಂದು ಸ್ಪೇಸ್, ಅಡ್ಡಗೆರೆ, 'ಗೊತ್ತಿಲ್ಲ' ಎಂಬ ಬರಹ ಇವೂ ಖಾಲಿಯೇ, ಆದರೆ ಕೌಂಟ್ ಇವನ್ನು ಮೌಲ್ಯವೆಂದೇ ಎಣಿಸುತ್ತದೆ. ಒರಾಕಲ್ ಡೇಟಾಬೇಸ್‌ನಲ್ಲಿ ಮಾತ್ರ ಏನೂ ಇಲ್ಲದ ಪಠ್ಯವೂ ನಲ್ ಆಗಿಬಿಡುತ್ತದೆ. ಡೇಟಾ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ವಲಸೆ ಹೋಗಿದ್ದರೆ ಇದನ್ನು ನೆನಪಿಡಿ.

ಯಾವುದು ಎಷ್ಟು ಬಾರಿ

ಒಂದೇ ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ) ಸಮಯವಿದೆ ಎಂದಾದರೆ ಗ್ರೂಪ್ ಬೈ ಬಳಸಿ ಪ್ರತಿ ಮೌಲ್ಯ ಎಷ್ಟು ಸಾಲುಗಳಲ್ಲಿದೆ ಎಂದು ಎಣಿಸಿ, ಹೆಚ್ಚಿನದು ಮೇಲೆ ಬರುವಂತೆ ಜೋಡಿಸಿ. ಪಟ್ಟಿಯ ತಲೆ ಮತ್ತು ಬಾಲ ಎರಡನ್ನೂ ನೋಡಿ. 'ಸ್ಥಿತಿ' ಕಾಲಂನಲ್ಲಿ ಸಕ್ರಿಯ, ನಿಷ್ಕ್ರಿಯ ಎಂಬ ಎರಡೇ ಮೌಲ್ಯ ಇರಬೇಕು ಎಂದು ದಸ್ತಾವೇಜು ಹೇಳುತ್ತಿರಬಹುದು. ಬಾಲದಲ್ಲಿ 'ಸಕ್ರೀಯ', ಕೊನೆಯಲ್ಲಿ ಸ್ಪೇಸ್ ಅಂಟಿಸಿಕೊಂಡ 'ಸಕ್ರಿಯ', ಯಾರಿಗೂ ಅರ್ಥವಾಗದ 'ಎಕ್ಸ್' ಕಾಣಿಸುತ್ತವೆ. ದೂರವಾಣಿ ಕಾಲಂನ ತಲೆಯಲ್ಲೇ ಹತ್ತು ಸೊನ್ನೆಗಳ ಸಾಲು ಕೂತಿದ್ದರೆ, ಆ ಜಾಗವನ್ನು ಕಡ್ಡಾಯವಾಗಿ ತುಂಬಿಸಲು ಹೊರಟ ಫಾರಂನ ಪ್ರತಾಪ ಅದು.

ಎರಡು ತುದಿಗಳು

ಕನಿಷ್ಠ, ಗರಿಷ್ಠ ಮೌಲ್ಯಗಳನ್ನು ತೆಗೆಯಿರಿ. ಸಂಖ್ಯೆಗಳನ್ನು ಪಠ್ಯವಾಗಿ ಇಟ್ಟಿದ್ದರೆ 9 ಎಂಬುದು 10ಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಹೋಲಿಕೆ ಅಕ್ಷರದಿಂದ ಅಕ್ಷರಕ್ಕೆ ನಡೆಯುತ್ತದೆ. ದಿನಾಂಕಗಳಲ್ಲಂತೂ ತುದಿಗಳು ಬಾಯಿ ಬಿಡುತ್ತವೆ. 1970ರ ಜನವರಿ 1 ಎಂದರೆ ಯೂನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಗಡಿಯಾರ ಎಣಿಕೆ ಶುರುಮಾಡುವ ಸೊನ್ನೆ. ಆ ದಿನ ಹುಟ್ಟಿದವರು ರಾಶಿ ಬಿದ್ದಿದ್ದರೆ ಅದು ಬಹುಶಃ ದಿನಾಂಕವೇ ಇಲ್ಲದ ಸಾಲುಗಳ ರಾಶಿ. 9999ರ ಡಿಸೆಂಬರ್ 31 ಎಂಬ ಸದಸ್ಯತ್ವದ ಕೊನೆಯ ದಿನ ತಪ್ಪಲ್ಲ, 'ಮುಗಿಯುವುದೇ ಇಲ್ಲ' ಎಂಬುದನ್ನು ಹಾಗೆ ಬರೆಯುವ ರೂಢಿ ಇದೆ. ದಿನ, ತಿಂಗಳು ಅದಲುಬದಲಾದರೆ ಅದು ಸುಲಭಕ್ಕೆ ಸಿಕ್ಕುವುದಿಲ್ಲ: 13ನೇ ತಿಂಗಳು ಇಲ್ಲದ ಕಾರಣ ದಿನ 12ರೊಳಗಿದ್ದಾಗ ಮಾತ್ರ ತಪ್ಪು ಸದ್ದಿಲ್ಲದೆ ಒಳಗೆ ಬರುತ್ತದೆ.

ಸರಾಸರಿಯನ್ನು ಕೊನೆಗೆ ನೋಡಿ. ಅದು ನಲ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ವಯಸ್ಸು 999 ಎಂದು ತುಂಬಿದ್ದನ್ನು ಮಾತ್ರ ಶ್ರದ್ಧೆಯಿಂದ ಕೂಡಿಸುತ್ತದೆ.

ಉದ್ದ ಮತ್ತು ಆಕಾರ

ಪಠ್ಯದ ಕಾಲಂಗಳಲ್ಲಿ ಅತಿ ಚಿಕ್ಕ, ಅತಿ ದೊಡ್ಡ ಉದ್ದ ನೋಡಿ. ಅನೇಕ ವಿಳಾಸಗಳು ಸರಿಯಾಗಿ 50 ಅಕ್ಷರಕ್ಕೇ ನಿಂತಿದ್ದರೆ ಅವನ್ನು ಯಾರೋ ಕತ್ತರಿಸಿದ್ದಾರೆ. ಆಮೇಲೆ ಅಂಕಿಗಳನ್ನೆಲ್ಲ 9, ಅಕ್ಷರಗಳನ್ನೆಲ್ಲ 'ಅ' ಎಂದು ಬದಲಿಸಿ ಗ್ರೂಪ್ ಬೈ ಮಾಡಿದರೆ ಸಾವಿರಾರು ಮೌಲ್ಯಗಳು ಕೆಲವೇ ಆಕಾರಗಳಿಗೆ ಇಳಿಯುತ್ತವೆ. ಅಪರೂಪದ ಆಕಾರಗಳಲ್ಲೇ ಹುಳುಕು ಹೆಚ್ಚು.

ಕನ್ನಡದಲ್ಲಿ ತುಂಬಿದ ಕಾಲಂಗೆ ಇನ್ನೊಂದು ಪರೀಕ್ಷೆ ಉಂಟು. 'ಕೊ' ಅಕ್ಷರದ ಒತ್ವವನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸಂಕೇತಗಳನ್ನು ನೇರವಾಗಿ ಹೋಲಿಸುವ ಡೇಟಾಬೇಸ್‌ಗೆ ಬೇರೆ ಬೇರೆ. ಹಾಗಾಗಿ ಹೆಸರುಗಳನ್ನು ಎಣಿಸುವ ಮೊದಲು ಯೂನಿಕೋಡ್ ನಾರ್ಮಲೈಸೇಶನ್ ಮಾಡಿಕೊಳ್ಳಬೇಕು, ಅಂದರೆ ಇಂಥ ಎರಡು ಬರಹಗಳನ್ನು ಒಂದೇ ರೂಪಕ್ಕೆ ತರಬೇಕು. ಯುಟಿಎಫ್-8 ಎಂಬ ಪಠ್ಯ ಉಳಿಸುವ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ, 50 ಬೈಟ್ ಮಿತಿಯ ಕಾಲಂನಲ್ಲಿ 16 ಸಂಕೇತಗಳು ಮಾತ್ರ ಹಿಡಿಸುತ್ತವೆ.

ಕಾಲಂಗಳ ನಡುವೆ

ಸದಸ್ಯತ್ವ ಮುಗಿದ ದಿನ ಆರಂಭದ ದಿನಕ್ಕಿಂತ ಹಿಂದಿದೆಯೇ? ಪುಸ್ತಕ ಎರವಲು ಪಡೆದವರೆಲ್ಲ ಸದಸ್ಯರ ಟೇಬಲ್‌ನಲ್ಲಿ ಇದ್ದಾರೆಯೇ? ಎರಡನೆಯದಕ್ಕೆ, ಒಂದು ಪಟ್ಟಿಯಲ್ಲಿ ಇಲ್ಲದವನ್ನು ಹುಡುಕುವ 'ನಾಟ್ ಇನ್' ಬಳಸದಿರುವುದು ಲೇಸು. ಆ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಉತ್ತರವಾಗಿ ಒಂದು ಸಾಲೂ ಬರುವುದಿಲ್ಲ, ನೀವು ಎಲ್ಲ ಸರಿಯಿದೆ ಎಂದು ನಿಟ್ಟುಸಿರು ಬಿಡುತ್ತೀರಿ. ಅದೇ ಕೆಲಸ ಮಾಡುವ 'ನಾಟ್ ಎಕ್ಸಿಸ್ಟ್ಸ್' ಈ ಮೋಸ ಮಾಡುವುದಿಲ್ಲ.

ಟೇಬಲ್ ತೀರಾ ದೊಡ್ಡದಿದ್ದರೆ ಪೋಸ್ಟ್‌ಗ್ರೆಸ್‌ನ 'ಪಿಜಿ ಸ್ಟ್ಯಾಟ್ಸ್' ನೋಡಿ. ನಲ್‌ಗಳ ಪ್ರಮಾಣ, ಪದೇ ಪದೇ ಬರುವ ಮೌಲ್ಯಗಳು ಅಲ್ಲಿ ಸಿದ್ಧವಾಗಿರುತ್ತವೆ. ಆದರೆ ಅವು ಮಾದರಿ ಸಾಲುಗಳಿಂದ ಮಾಡಿದ ಅಂದಾಜು, ಅಪರೂಪದ ತಪ್ಪು ಅಲ್ಲಿ ತಪ್ಪಿಸಿಕೊಳ್ಳಬಹುದು.

ಕಂಡದ್ದನ್ನೆಲ್ಲ ಪ್ರಶ್ನೆಯ ರೂಪದಲ್ಲಿ ಬರೆದು, ಆ ಡೇಟಾವನ್ನು ದಿನವೂ ತುಂಬುವವರ ಮುಂದಿಡಿ. 'ಎಕ್ಸ್' ಎಂದರೇನು ಎಂಬುದಕ್ಕೆ ಉತ್ತರ ಕ್ವೆರಿಯಲ್ಲಿ ಸಿಗುವುದಿಲ್ಲ, ಕೌಂಟರ್‌ನಲ್ಲಿ ಕೂತವರಿಗೆ ಗೊತ್ತಿರುತ್ತದೆ. ಆ ಪಟ್ಟಿ ಕಳಿಸುವ ಮುನ್ನ ಅದರಲ್ಲಿರುವ ನಿಜವಾದ ಹೆಸರು, ದೂರವಾಣಿ ಸಂಖ್ಯೆಗಳನ್ನು ತೆಗೆದು ಆಕಾರ ಮತ್ತು ಎಣಿಕೆಯನ್ನಷ್ಟೇ ಉಳಿಸಿ.