ಕಾರಿನ ಆನ್‌ರೋಡ್ ಬೆಲೆ: ಒಂದೊಂದು ಸಾಲನ್ನೂ ಬಿಡಿಸಿ ನೋಡಿದ ನನ್ನ ಅನುಭವ

ಎಕ್ಸ್‌ಶೋರೂಂ ಬೆಲೆ, ಅಂದರೆ ನೋಂದಣಿ, ರೋಡ್ ಟ್ಯಾಕ್ಸ್, ವಿಮೆ ಸೇರದ ಬೆಲೆ, 9,48,000 ರೂಪಾಯಿ. ಅವೆಲ್ಲ ಸೇರಿದ ಆನ್‌ರೋಡ್ ಬೆಲೆ 11,60,000ದ ಹತ್ತಿರ. ಮಧ್ಯದ ಎರಡು ಲಕ್ಷಕ್ಕೂ ಜಾಸ್ತಿ ದುಡ್ಡು ಯಾರಿಗೆ ಹೋಗುತ್ತದೆ ಅಂತ ಶೋರೂಂನಲ್ಲಿ ಕೇಳಿದೆ. "ಟ್ಯಾಕ್ಸು, ಇನ್ಶೂರೆನ್ಸು, ರಿಜಿಸ್ಟ್ರೇಶನ್ ಎಲ್ಲಾ ಸೇರಿ ಮೇಡಂ" ಅಂದರು. ಎರಡು ಲಕ್ಷದ ಪ್ರಶ್ನೆಗೆ ಇಷ್ಟು ಉತ್ತರ ಸಾಲದು, ಅಲ್ವಾ?

ನಾನು ಅಕೌಂಟ್ಸ್ ಕೆಲಸ ಮಾಡುವವಳು. ಬಿಲ್ಲಿನಲ್ಲಿ ಒಂದು ಸಾಲು ಅರ್ಥವಾಗದಿದ್ದರೂ ಸಹಿ ಹಾಕುವುದಿಲ್ಲ. 2025ರ ಕೊನೆಯಲ್ಲಿ ಬನಶಂಕರಿಯ ನಮ್ಮ ಮನೆಗೆ ಪೆಟ್ರೋಲ್ ಕಾರು ತಗೊಳ್ಳುವಾಗಲೂ ಹಾಗೇ ಮಾಡಿದೆ. ಕೊಟೇಶನ್ ಹಾಳೆಯ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು, ಪ್ರತಿ ಸಾಲಿನ ಎದುರಿಗೂ ಆ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ಬರೆದೆ. ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ, ವಿಮಾ ಕಂಪನಿ, ಶೋರೂಂ. ಈ ನಾಲ್ಕರಲ್ಲಿ ಒಂದು ಹೆಸರು ಬರಲೇಬೇಕು. ಬರೆಯಲಾಗದ ಸಾಲು ಇದ್ದರೆ ಅದರ ಬಗ್ಗೆ ಕೇಳಬೇಕು.

ಮೊದಲು ದೊಡ್ಡ ಸಾಲು. ಅದು ರಾಜ್ಯ ಸರ್ಕಾರದ ಜೀವಾವಧಿ ತೆರಿಗೆ. ಎಲ್ಲರೂ ಹೇಳುವುದು ಲೈಫ್‌ಟೈಮ್ ಟ್ಯಾಕ್ಸ್ ಅಥವಾ ರೋಡ್ ಟ್ಯಾಕ್ಸ್ ಅಂತ. ದೇಶದಲ್ಲಿ ಈ ತೆರಿಗೆ ಜಾಸ್ತಿ ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸ್ವಂತ ಬಳಕೆಯ ಪೆಟ್ರೋಲ್, ಡೀಸೆಲ್ ಕಾರಿಗೆ ನಾವು ಕಟ್ಟಿದಾಗ ಇದ್ದ ದರ ಹೀಗೆ: ಬೆಲೆ 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18. ಈ ತೆರಿಗೆಯ ಮೇಲೆ ಶೇ 11 ಸೆಸ್ (ಉಪಕರ). ಗಮನಿಸಿ, ಸೆಸ್ ಲೆಕ್ಕ ಹಾಕುವುದು ಕಾರಿನ ಬೆಲೆಯ ಮೇಲಲ್ಲ, ತೆರಿಗೆಯ ಮೊತ್ತದ ಮೇಲೆ. ಹಾಗಾಗಿ ಶೇ 14 ಅನ್ನುವುದು ಕೈಯಿಂದ ಕೊಡುವಾಗ ಶೇ 15.54 ಆಗುತ್ತದೆ. ಶೇ 17 ಇದ್ದದ್ದು ಶೇ 18.87 ಆಗುತ್ತದೆ. ಇದರ ಜೊತೆಗೆ 2025ರಿಂದ ಹೊಸ ಕಾರಿಗೆ 1,000 ರೂಪಾಯಿ, ಹೊಸ ಬೈಕು-ಸ್ಕೂಟರಿಗೆ 500 ರೂಪಾಯಿ ಹೆಚ್ಚುವರಿ ಸೆಸ್ ಬಂದಿದೆ. ಚಾಲಕರು, ಗ್ಯಾರೇಜ್ ಕೆಲಸಗಾರರು ಹೀಗೆ ಸಾರಿಗೆ ಕೆಲಸ ಮಾಡುವವರ ಕಲ್ಯಾಣಕ್ಕೆ ಹೋಗುವ ದುಡ್ಡು ಅದು. ಆ ಸಾವಿರ ರೂಪಾಯಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆದಾಯ ತೆರಿಗೆಯಲ್ಲಿ ಮಿತಿ ದಾಟಿದ ಭಾಗಕ್ಕೆ ಮಾತ್ರ ಮೇಲಿನ ದರ ಬೀಳುತ್ತದೆ. ವಾಹನ ತೆರಿಗೆಯಲ್ಲಿ ಹಾಗಿಲ್ಲ. ಬೆಲೆ 10 ಲಕ್ಷ ದಾಟಿದರೆ ಪೂರ್ತಿ ಬೆಲೆಗೂ ಶೇ 17. ಬಹಳ ಜನ ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ನಮ್ಮ ಮನೆಯಲ್ಲೇ ಇದರ ಲೆಕ್ಕ ಎದುರಿಗೆ ಬಂತು. ಮಗನಿಗೆ ಸನ್‌ರೂಫ್ ಇರುವ ಮೇಲಿನ ವೇರಿಯಂಟ್ ಬೇಕಿತ್ತು. ಅದರ ಎಕ್ಸ್‌ಶೋರೂಂ ಬೆಲೆ 10,12,000. "ಬರೀ 64 ಸಾವಿರ ಜಾಸ್ತಿ ಅಮ್ಮಾ" ಅಂದ. ಕೂತು ಬರೆದೆವು. 9,48,000ಕ್ಕೆ ಶೇ 14 ಅಂದರೆ ತೆರಿಗೆ 1,32,720. ಅದಕ್ಕೆ ಶೇ 11 ಸೆಸ್ 14,599. ಒಟ್ಟು 1,47,319. ಮೇಲಿನ ವೇರಿಯಂಟ್‌ಗೆ ಶೇ 17ರಂತೆ 1,72,040, ಸೆಸ್ 18,924, ಒಟ್ಟು 1,90,964. ರಾಜ್ಯದ ತೆರಿಗೆಯಲ್ಲೇ 43 ಸಾವಿರಕ್ಕೂ ಜಾಸ್ತಿ ವ್ಯತ್ಯಾಸ.

ಅಷ್ಟೇ ಅಲ್ಲ. ಕಾರಿನ ಬೆಲೆ 10 ಲಕ್ಷ ದಾಟಿದರೆ ಶೋರೂಂನವರು ಶೇ 1 ಟಿಸಿಎಸ್ (ಮಾರುವವರೇ ಹಿಡಿದು ಕಟ್ಟುವ ತೆರಿಗೆ) ಹಿಡಿಯಬೇಕು. ಇದು ಕೇಂದ್ರದ ಆದಾಯ ತೆರಿಗೆಯ ಲೆಕ್ಕಕ್ಕೆ ಹೋಗುತ್ತದೆ. ಇಲ್ಲಿಯೂ ಶೇ 1 ಪೂರ್ತಿ ಬೆಲೆಯ ಮೇಲೆ, ಅಂದರೆ 10,120 ರೂಪಾಯಿ. ಇದು ಕಳೆದುಹೋಗುವ ದುಡ್ಡಲ್ಲ. ನಿಮ್ಮ ಪ್ಯಾನ್ ನಂಬರಿಗೆ ಜಮೆಯಾಗುತ್ತದೆ, ರಿಟರ್ನ್ ಹಾಕುವಾಗ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಆದರೆ ಕಾರು ತಗೊಳ್ಳುವ ದಿನ ಕೈಯಿಂದ ಹೋಗುವುದಂತೂ ನಿಜ. ರಿಟರ್ನ್ ಹಾಕದವರು ಎಷ್ಟೋ ಮಂದಿ ಇದನ್ನು ಕೇಳಿ ಪಡೆಯುವುದೇ ಇಲ್ಲ. ಮನೆಯಲ್ಲಿ ವಯಸ್ಸಾದವರ ಹೆಸರಿನಲ್ಲಿ ಕಾರು ತಗೊಂಡಿದ್ದರೆ ದಯವಿಟ್ಟು ಅವರ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ (ಫಾರಂ 26ಎಎಸ್) ತೆಗೆದು ನೋಡಿ.

ಹೀಗೆ 64 ಸಾವಿರ ಅಂದುಕೊಂಡದ್ದು ಆ ದಿನದ ಲೆಕ್ಕದಲ್ಲಿ 1,17,000 ದಾಟಿತು. ಸನ್‌ರೂಫ್ ಬೇಡ ಅಂತ ಮಗನೇ ಹೇಳಿದ.

ಸ್ಕೂಟರಿನಲ್ಲೂ ಇದೇ ಕಥೆ. 50 ಸಾವಿರದಿಂದ 1 ಲಕ್ಷದವರೆಗೆ ಶೇ 12, 1 ಲಕ್ಷ ದಾಟಿದರೆ ಶೇ 18. 98 ಸಾವಿರದ ಗಾಡಿಗೆ ಸೆಸ್ ಸೇರಿ ಸುಮಾರು 13,050 ರೂಪಾಯಿ ತೆರಿಗೆ. 1,02,000ದ ಗಾಡಿಗೆ ಸುಮಾರು 20,380. ನಾಲ್ಕು ಸಾವಿರದ ಬಣ್ಣ, ಡಿಸ್ಕ್ ಬ್ರೇಕ್‌ಗೆ ಏಳು ಸಾವಿರ ತೆರಿಗೆ ಜಾಸ್ತಿ. ಡಿಸ್ಕ್ ಬ್ರೇಕ್ ಬೇಕೇ ಬೇಕು ಅಂದರೆ ತಗೊಳ್ಳಿ, ಸುರಕ್ಷತೆಯ ವಿಷಯದಲ್ಲಿ ನಾನು ದುಡ್ಡು ಉಳಿಸಿ ಅನ್ನುವುದಿಲ್ಲ. ಆದರೆ ಗೊತ್ತಿದ್ದು ತಗೊಳ್ಳಿ.

ಇನ್ನೊಂದು ವಿಷಯ. ಎಕ್ಸ್‌ಶೋರೂಂ ಬೆಲೆಯೊಳಗೆ ಜಿಎಸ್‌ಟಿ ಆಗಲೇ ಸೇರಿರುತ್ತದೆ. ರಾಜ್ಯದ ತೆರಿಗೆ ಅದೂ ಸೇರಿದ ಬೆಲೆಯ ಮೇಲೆ. ತೆರಿಗೆಯ ಮೇಲೆ ತೆರಿಗೆ ಕಟ್ಟುತ್ತಿದ್ದೇವೆ ಅಂತ ಬೇಜಾರಾಗುವುದು ಸಹಜ, ನನಗೂ ಆಯಿತು. ಆದರೆ ಇದರಿಂದ ಒಳ್ಳೆಯದೂ ಆಗುತ್ತದೆ. ಜಿಎಸ್‌ಟಿ ಇಳಿದರೆ ರಾಜ್ಯದ ತೆರಿಗೆಯೂ ತಾನಾಗಿ ಇಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18 ಆಯಿತು. ಅದಕ್ಕೆ ಮುಂಚೆ ಶೇ 28, ಮೇಲೆ ಶೇ 1 ಸೆಸ್ ಇತ್ತು. ಆಗ 10,80,000 ಇದ್ದ ಅಂಥ ಕಾರು, ಕಂಪನಿ ಇಳಿಕೆಯನ್ನು ಪೂರ್ತಿ ಬಿಟ್ಟುಕೊಟ್ಟರೆ, 9,88,000ದ ಹತ್ತಿರ ಬರುತ್ತದೆ. ಬೆಲೆಯಲ್ಲಿ 92 ಸಾವಿರ ಇಳಿಯಿತು. ಜೊತೆಗೆ 10 ಲಕ್ಷದ ಗೆರೆಯಿಂದ ಕೆಳಗೆ ಬಂದದ್ದರಿಂದ ರಾಜ್ಯದ ತೆರಿಗೆಯಲ್ಲಿ ಇನ್ನೂ ಸುಮಾರು 50 ಸಾವಿರ ಉಳಿಯಿತು. ಹಳೆಯ ಕೊಟೇಶನ್ ಇಟ್ಟುಕೊಂಡು ಬಜೆಟ್ ಹಾಕಿದ್ದವರು ಹೊಸದಾಗಿ ಕೇಳಿ ತಗೊಳ್ಳಬೇಕಾದದ್ದು ಇದಕ್ಕೇ.

ಇನ್ನು "ರಿಜಿಸ್ಟ್ರೇಶನ್" ಅನ್ನುವ ಸಾಲು. ನಮ್ಮ ಹಾಳೆಯಲ್ಲಿ ಅದರ ಎದುರು ತೆರಿಗೆಯನ್ನೂ ಬೇರೆ ಖರ್ಚನ್ನೂ ಕಲೆಸಿ ಒಂದೇ ಮೊತ್ತ ಬರೆದಿದ್ದರು. ಬಿಡಿಸಿ ಬರೆದುಕೊಡಿ ಅಂದೆ. ನಿಜವಾದ ನೋಂದಣಿ ಶುಲ್ಕ ತುಂಬಾ ಕಡಿಮೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸ್ವಂತ ಬಳಕೆಯ ಕಾರಿಗೆ 600 ರೂಪಾಯಿ, ದ್ವಿಚಕ್ರ ವಾಹನಕ್ಕೆ 300. ಆರ್‌ಸಿ (ನೋಂದಣಿ ಪತ್ರ) ಸ್ಮಾರ್ಟ್ ಕಾರ್ಡಿಗೆ 200. ಸಾಲ ಮಾಡಿ ತಗೊಂಡರೆ ಬ್ಯಾಂಕಿನ ಹೆಸರನ್ನು ಆರ್‌ಸಿಯಲ್ಲಿ ಸೇರಿಸಲು, ಅಂದರೆ ಹೈಪೋಥಿಕೇಶನ್‌ಗೆ, ಕಾರಿಗೆ 1,500, ಬೈಕಿಗೆ 500. ನಮಗೆ ಸಾಲ ಇತ್ತು, ಎಲ್ಲಾ ಸೇರಿ 2,300 ರೂಪಾಯಿ. ಅದಕ್ಕಿಂತ ಮೇಲೆ ಇದ್ದದ್ದು ಶೋರೂಮಿನ ಸೇವಾ ಖರ್ಚು. ಶೋರೂಂನವರು ನಮ್ಮ ಪರವಾಗಿ ಓಡಾಡುತ್ತಾರೆ, ಅದಕ್ಕೆ ಒಂದಿಷ್ಟು ತಗೊಂಡರೆ ತಪ್ಪು ಅನ್ನುವುದಿಲ್ಲ. ಅದನ್ನು ಸರ್ಕಾರದ ಶುಲ್ಕ ಅಂತ ತೋರಿಸಬಾರದು, ಅಷ್ಟೇ ನನ್ನ ಮಾತು. ಬಿಡಿಸಿ ಬರೆದ ಮೇಲೆ ಆ ಮೊತ್ತ ಕಡಿಮೆಯಾಯಿತು. "ಹ್ಯಾಂಡ್ಲಿಂಗ್ ಚಾರ್ಜ್" ಅನ್ನುವ ಇನ್ನೊಂದು ಸಾಲಿನ ಎದುರು ನಾಲ್ಕರಲ್ಲಿ ಯಾವ ಹೆಸರು ಬರೆಯಲಿ ಅಂತ ಕೇಳಿದೆ. ಅದನ್ನು ಮ್ಯಾನೇಜರ್ ತೆಗೆದೇ ಹಾಕಿದರು.

ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟಿಗೆ ಬೇರೆ ದುಡ್ಡು ಕೇಳಿದರೆ ಪ್ರಶ್ನೆ ಮಾಡಿ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಅದು ಕಂಪನಿಯಿಂದಲೇ ಬರಬೇಕು, ಬೆಲೆಯಲ್ಲೇ ಸೇರಿರುತ್ತದೆ.

ವಿಮೆಯಲ್ಲಿ ಎರಡು ಭಾಗ. ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ ಇರುವುದು, ಹೊಸ ಕಾರಿಗೆ ಮೂರು ವರ್ಷಕ್ಕೆ, ಬೈಕಿಗೆ ಐದು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು. ಇದರ ದರ ಸರ್ಕಾರ ನಿಗದಿ ಮಾಡಿದ್ದು, ಎಲ್ಲಾ ಕಂಪನಿಯಲ್ಲೂ ಒಂದೇ. ನಮ್ಮದು 1000ರಿಂದ 1500 ಸಿಸಿ ನಡುವಿನದು, ಮೂರು ವರ್ಷಕ್ಕೆ 10,640 ರೂಪಾಯಿ ಮತ್ತು ಜಿಎಸ್‌ಟಿ. ಉಳಿದದ್ದು ನಮ್ಮ ಗಾಡಿಯ ಹಾನಿಯ ವಿಮೆ. ಅದರಲ್ಲಿ ಕಂಪನಿಯಿಂದ ಕಂಪನಿಗೆ ದರ ಬೇರೆ. ಶೋರೂಮಿನಲ್ಲೇ ತಗೊಳ್ಳಬೇಕು ಅನ್ನುವ ಕಡ್ಡಾಯ ಇಲ್ಲ. ಹೊರಗಿನ ಕೊಟೇಶನ್ ತೋರಿಸಿದ ಕೂಡಲೇ ಶೋರೂಮಿನ ದರವೂ ಇಳಿಯಿತು. ನನ್ನ ಯಜಮಾನರಿಗೆ ಆಗಲೇ 15 ಲಕ್ಷಕ್ಕಿಂತ ಜಾಸ್ತಿಯ ಅಪಘಾತ ವಿಮೆ ಇತ್ತು. ಅಂಥವರು ಮಾಲೀಕ-ಚಾಲಕರ ಅಪಘಾತ ವಿಮೆಯನ್ನು ಮತ್ತೆ ತಗೊಳ್ಳಬೇಕಾಗಿಲ್ಲ, ಅದನ್ನೂ ತೆಗೆಸಿದೆವು.

ಕಾಗದಪತ್ರದಲ್ಲಿ ಕಷ್ಟ ಏನೂ ಆಗಲಿಲ್ಲ. ನೋಂದಣಿಯ ಅರ್ಜಿ ಫಾರಂ 20, ಮಾರಾಟದ ಪ್ರಮಾಣಪತ್ರ ಫಾರಂ 21, ಗಾಡಿ ರಸ್ತೆಗೆ ಯೋಗ್ಯ ಅನ್ನುವುದಕ್ಕೆ ಫಾರಂ 22. ಖಾಲಿ ಫಾರಮ್ಮಿಗೆ ಸಹಿ ಕೇಳುತ್ತಾರೆ. ತುಂಬಿಸಿ ಕೊಡಿ, ಆಮೇಲೆ ಸಹಿ ಮಾಡುತ್ತೇನೆ ಅಂತ ಹೇಳಿ. ಹೆಸರಿನ ಅಕ್ಷರ, ವಿಳಾಸ, ಚಾಸಿಸ್ ನಂಬರ್ ನೀವೇ ಓದಿ ನೋಡಿ. ತೆರಿಗೆ ಕಟ್ಟಿದ ಮೇಲೆ ಸರ್ಕಾರದ ವಾಹನ್ ಪೋರ್ಟಲ್‌ನಿಂದ ಬರುವ ಇ-ರಸೀದಿಯನ್ನು ಕೇಳಿ ಇಸ್ಕೊಳ್ಳಿ. ಅದರಲ್ಲಿ ತೆರಿಗೆ, ಸೆಸ್, ಶುಲ್ಕ ಎಲ್ಲಾ ಬೇರೆ ಬೇರೆ ಇರುತ್ತದೆ. ನನ್ನ ಕಾಲಮ್ಮಿನ ಜೊತೆ ಒಂದೊಂದನ್ನೂ ತಾಳೆ ನೋಡಿದೆ, ಸರಿ ಇತ್ತು. ಜಯನಗರ ಆರ್‌ಟಿಒದ ಕೆಎ 05 ನಂಬರ್ ಬಂತು.

ಇದೆಲ್ಲ ನೋಡಿದ ನನ್ನ ತಮ್ಮ ಫೋನ್ ಮಾಡಿದ. ಪುಣೆಯಿಂದ ಕೆಲಸ ಬದಲಾಯಿಸಿ ವೈಟ್‌ಫೀಲ್ಡ್‌ಗೆ ಬಂದಿದ್ದಾನೆ, ಎಂಎಚ್ 12 ನಂಬರಿನ ಕಾರು ಜೊತೆಗಿದೆ. "ಅಕ್ಕ, ಅಲ್ಲೇ ಪೂರ್ತಿ ಟ್ಯಾಕ್ಸ್ ಕಟ್ಟಿದ್ದೀನಲ್ಲ, ಇಲ್ಲಿ ಮತ್ತೆ ಯಾಕೆ?" ಅಂದ. ಬೆಂಗಳೂರಿಗೆ ಬರುವ ಎಷ್ಟೋ ಜನರ ಪ್ರಶ್ನೆ ಇದು. ಲೈಫ್‌ಟೈಮ್ ಅನ್ನುವುದು ಆ ರಾಜ್ಯಕ್ಕೆ ಮಾತ್ರ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರ್ ತಗೊಳ್ಳಬೇಕು ಅಂತ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಇಲ್ಲಿ ಸಾರಿಗೆ ಇಲಾಖೆಯವರು ಹೊರರಾಜ್ಯದ ಗಾಡಿಗಳನ್ನು ನಿಲ್ಲಿಸಿ ತಪಾಸಣೆ ಮಾಡುತ್ತಾರೆ. ಹೊಸದಾಗಿ ಬಂದವರು ಯಾವಾಗ ಬಂದೆವು ಅನ್ನುವುದಕ್ಕೆ ಫಾಸ್ಟ್ಯಾಗ್ ಟೋಲ್ ದಾಖಲೆ, ಹಳೆಯ ಊರಿನ ಸರ್ವಿಸ್ ಬಿಲ್ಲು ಇಟ್ಟುಕೊಂಡಿರಬೇಕು.

ತಮ್ಮ ಮೊದಲು ಪುಣೆಯ ಬಾಕಿ ದಂಡಗಳನ್ನೆಲ್ಲ ಕಟ್ಟಿದ. ಸಾಲ ಇದ್ದದ್ದರಿಂದ ಬ್ಯಾಂಕಿನ ಒಪ್ಪಿಗೆ ಪತ್ರ ತರಿಸಿಕೊಂಡ. ಆಮೇಲೆ ಫಾರಂ 28ರಲ್ಲಿ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ). ಇಲ್ಲಿ ಕೆ.ಆರ್.ಪುರಂ ಆರ್‌ಟಿಒದಲ್ಲಿ ಹೊಸ ನಂಬರಿಗೆ ಫಾರಂ 27 ಮತ್ತು ವಿಳಾಸ ಬದಲಾವಣೆಗೆ ಫಾರಂ 33. ಗಾಡಿಯನ್ನು ತೋರಿಸಬೇಕು, ಚಾಸಿಸ್ ನಂಬರ್ ನೋಡುತ್ತಾರೆ. ತೆರಿಗೆಯನ್ನು ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ, ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಇಳಿಸಿ ಲೆಕ್ಕ ಹಾಕುತ್ತಾರೆ. ಅಂದರೆ ಹೊರರಾಜ್ಯದ ಸೆಕೆಂಡ್ ಹ್ಯಾಂಡ್ ಕಾರನ್ನು ನೀವು ಅಗ್ಗಕ್ಕೆ ತಗೊಂಡಿದ್ದರೂ ಲೆಕ್ಕಕ್ಕೆ ಬರುವುದು ಮೂಲ ಬೆಲೆ. ಅಗ್ಗದ ಕಾರು ಅಂತ ತಗೊಳ್ಳುವ ಮುಂಚೆ ಈ ತೆರಿಗೆಯನ್ನು ಕೂಡಿಸಿ ನೋಡಿ. ಕರ್ನಾಟಕದ್ದೇ ಹಳೆಯ ಕಾರಾದರೆ ಜೀವಾವಧಿ ತೆರಿಗೆ ಮತ್ತೆ ಇಲ್ಲ. ಫಾರಂ 29, 30 ಕೊಟ್ಟು ವರ್ಗಾವಣೆಗೆ 300 ರೂಪಾಯಿ ಶುಲ್ಕ, ಸ್ಮಾರ್ಟ್ ಕಾರ್ಡಿಗೆ 200.

ತಮ್ಮನಿಗೆ ಕೆಎ 53 ನಂಬರ್ ಬಂದಿದೆ. ಮಹಾರಾಷ್ಟ್ರದಲ್ಲಿ ಉಳಿದ ವರ್ಷಗಳ ತೆರಿಗೆ ವಾಪಸ್ ಕೇಳಲು ಅವಕಾಶವಿದೆ. ಹೊಸ ಆರ್‌ಸಿ ಪ್ರತಿ, ಇಲ್ಲಿ ತೆರಿಗೆ ಕಟ್ಟಿದ ರಸೀದಿ, ಹಳೆಯ ತೆರಿಗೆಯ ರಸೀದಿ ಮೂರನ್ನೂ ಸೇರಿಸಿ ಪುಣೆಯ ಆರ್‌ಟಿಒಗೆ ಅರ್ಜಿ ಹಾಕಿದ್ದಾನೆ. ಪುಣೆಯಲ್ಲಿ ಕಟ್ಟಿದ್ದ ರಸೀದಿಯನ್ನು ಅವನು ಜೋಪಾನವಾಗಿ ಇಟ್ಟಿದ್ದ. ಇಲ್ಲದವರು ಎನ್‌ಒಸಿಗೆ ಅಂತ ಹಳೆಯ ಊರಿಗೆ ಹೋದಾಗಲೇ ತೆರಿಗೆಯ ರಸೀದಿಯನ್ನೂ ತೆಗೆಸಿಕೊಂಡು ಬನ್ನಿ.