ನಾಲ್ಕು ಎಂ.ಎಂ. ಕಲಿಸಿದ ಲೆಕ್ಕ

ಪೀಣ್ಯದ ಒಂದು ಫ್ಯಾಬ್ರಿಕೇಷನ್ ಘಟಕದಲ್ಲಿ ಹನ್ನೊಂದು ವರ್ಷ ವೆಲ್ಡರ್ ಆಗಿದ್ದೆ. ಐಟಿಐಯಲ್ಲಿ ಒಂದು ವರ್ಷದ ವೆಲ್ಡರ್ ಕೋರ್ಸ್ ಮುಗಿಸಿ ಸೇರಿದವನು ಕೊನೆಕೊನೆಗೆ ತಲೆಯ ಮೇಲಿನ ಬೆಸುಗೆಯನ್ನೂ ಸಲೀಸಾಗಿ ಹಾಕುತ್ತಿದ್ದೆ. ಕತ್ತರಿಸಿದ ಮಾಲು ಮುಂದೆ ಬಂದು ಬೀಳುತ್ತಿತ್ತು, ಡ್ರಾಯಿಂಗ್ ನೋಡಿ ಜೋಡಿಸುತ್ತಿದ್ದೆ. ಆ ಮಾಲು ಎಷ್ಟು ಕೆ.ಜಿ., ಅದಕ್ಕೆ ದರ ಕಟ್ಟಿದವರು ಯಾರು ಎಂದು ಒಂದು ದಿನವೂ ಕೇಳಲಿಲ್ಲ. ತಿಪಟೂರಿಗೆ ಹಿಂದಿರುಗಿ ಸ್ವಂತ ಅಂಗಡಿ ಹಾಕಿದ ಮೇಲೆ ನನಗೆ ಪೆಟ್ಟು ಕೊಟ್ಟದ್ದು ಅದೇ.

ಮೊದಲ ದೊಡ್ಡ ಕೆಲಸ ಹತ್ತು ಅಡಿ ಅಗಲ, ಐದು ಅಡಿ ಎತ್ತರದ ಗೇಟು. ಊರಿನಲ್ಲಿ ಎಲ್ಲರೂ ಹೇಳುವಂತೆ ನಾನೂ ಚದರ ಅಡಿಗೆ ಇಷ್ಟು ಎಂದು ಹೇಳಿ ಮುಂಗಡ ತೆಗೆದುಕೊಂಡೆ. ಮಾಲು ತರಲು ಹೊರಟಾಗ ಮನೆಯ ಯಜಮಾನರು, "ಸರಳು ಸ್ವಲ್ಪ ದಪ್ಪ ಇರಲಪ್ಪ, ನೋಡುವುದಕ್ಕೆ ಗಟ್ಟಿಯಾಗಿ ಕಾಣಬೇಕು" ಎಂದರು. ಹಿರಿಯರು ಕೇಳಿದ್ದಾರೆ, ನಾಲ್ಕು ಎಂ.ಎಂ. ತಾನೇ ಎಂದು 12ರ ಬದಲು 16 ಎಂ.ಎಂ. ಚೌಕ ಸರಳು ತಂದೆ.

ಒಂದೂವರೆ ಮೀಟರಿನ 24 ಸರಳು, ಒಟ್ಟು 36 ಮೀಟರ್. 12 ಎಂ.ಎಂ. ಚೌಕ ಸರಳು ಮೀಟರಿಗೆ 1.13 ಕೆ.ಜಿ. ತೂಗುತ್ತದೆ, 16 ಎಂ.ಎಂ. ಆದರೆ 2 ಕೆ.ಜಿ.ಗೂ ತುಸು ಹೆಚ್ಚು. ಅಲ್ಲಿಗೆ ಸುಮಾರು 32 ಕೆ.ಜಿ. ಕಬ್ಬಿಣ ನನ್ನ ಜೇಬಿನಿಂದ ಹೋಯಿತು. ಗ್ರೈಂಡಿಂಗ್ ಚಕ್ರ, ತುಕ್ಕು ತಡೆಯುವ ರೆಡಾಕ್ಸೈಡ್ ಬಣ್ಣ, ಟೆಂಪೋ ಬಾಡಿಗೆ, ಗೋಡೆ ಕೊರೆದು ಕೂರಿಸಿದ ಒಂದು ಇಡೀ ದಿನ, ಇವುಗಳನ್ನೂ ದರದಲ್ಲಿ ಸೇರಿಸಿರಲಿಲ್ಲ. ಗೇಟು ಇಂದಿಗೂ ಒಂದು ನೂಲು ಇಳಿದಿಲ್ಲ. ಆದರೆ ಆ ತಿಂಗಳ ಅಂಗಡಿ ಬಾಡಿಗೆಗೆ ಹೆಂಡತಿಯ ಬಳಿ ಕೈಚಾಚಬೇಕಾಯಿತು.

ಅಂದಿನಿಂದ ಬಾಯಿಮಾತಿನಲ್ಲಿ ದರ ಹೇಳುವುದನ್ನು ಬಿಟ್ಟೆ. ಗುಂಡು ಸರಳಾದರೆ ಅದರ ವ್ಯಾಸದ ಎಂ.ಎಂ. ಅಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂಬುದು ಸಿಗುತ್ತದೆ. ತಗಡಾದರೆ ಉದ್ದ, ಅಗಲ ಮೀಟರಿನಲ್ಲಿ, ದಪ್ಪ ಎಂ.ಎಂ.ನಲ್ಲಿ ಹಿಡಿದು ಮೂರನ್ನೂ ಗುಣಿಸಿ, ಮತ್ತೆ 7.85ರಿಂದ ಗುಣಿಸಬೇಕು. ಪೈಪು ಆರು ಮೀಟರ್ ಉದ್ದದಲ್ಲಿ ಬರುತ್ತದೆ. ನಮಗೆ ಬೇಕಾದ ಅಳತೆ ಆರಕ್ಕೆ ಸರಿಯಾಗಿ ಹೊಂದದಿದ್ದರೆ ಉಳಿಯುವ ತುಂಡಿಗೂ ದುಡ್ಡು ಕೊಟ್ಟಿರುತ್ತೇವೆ, ಅದನ್ನೂ ಬರೆಯಬೇಕು. ಮಾಲು ಕೊಳ್ಳುವಾಗ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ. ಎರಡು ಎಂ.ಎಂ. ಎಂದು ಕೊಟ್ಟ ಪೈಪಿನ ಬಾಯಿಗೆ ಹಿಡಿದರೆ 1.6 ತೋರಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಬಂಡವಾಳದ ವಿಷಯ ಹೆಚ್ಚು ಹೇಳುವುದಿಲ್ಲ. ಉಳಿತಾಯದ ಜೊತೆಗೆ ಮುದ್ರಾ ಯೋಜನೆಯ ಕಿಶೋರ್ ವರ್ಗದಲ್ಲಿ ಸಾಲ ಮಾಡಿದೆ. 50 ಸಾವಿರದಿಂದ 5 ಲಕ್ಷದವರೆಗಿನ ಸಾಲ ಆ ವರ್ಗಕ್ಕೆ ಬರುತ್ತದೆ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಆಧಾರ್ ಮತ್ತು ಪ್ಯಾನ್ ಇಟ್ಟುಕೊಂಡು ಮೊಬೈಲಿನಲ್ಲೇ ಆಗುತ್ತದೆ, ಅದಕ್ಕೆ ಶುಲ್ಕವೇ ಇಲ್ಲ. ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ.

ನನ್ನ ಅಂಗಡಿಗೆ ಹೆಸರು ತಂದದ್ದು ಗೇಟಲ್ಲ, ಕೊಬ್ಬರಿ ಅಟ್ಟ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ, ಒಳಗಿನ ನೀರು ಆರಿ ಗಿಟುಕಾಗುವವರೆಗೆ. ಒಬ್ಬ ರೈತರ ಮನೆಯಲ್ಲಿ ಮರದ ತೊಲೆಗೆ ಗೆದ್ದಲು ಹಿಡಿದಿತ್ತು. ಎಂಟು ಸಾವಿರ ಕಾಯಿಗೆ ಕಬ್ಬಿಣದ ಅಟ್ಟ ಬೇಕೆಂದರು. ಮೊದಲು ಅವರ ರಾಶಿಯಿಂದ ಇಪ್ಪತ್ತು ಕಾಯಿ ಆರಿಸಿ ತೂಗಿದೆ, 22 ಕೆ.ಜಿ. ಬಂತು. ಎಂಟು ಸಾವಿರಕ್ಕೆ ಹತ್ತಿರಹತ್ತಿರ ಒಂಬತ್ತು ಟನ್! ಮಣ್ಣಿನ ಗೋಡೆಯ ಮೇಲೆ ಅದನ್ನು ಹೊರಿಸುವ ಮಾತೇ ಇರಲಿಲ್ಲ. ನೆಲದಿಂದಲೇ ಕಂಬ ಎಬ್ಬಿಸಿ, ಕಂಬದಡಿಗೆ ಅಗಲವಾದ ಪ್ಲೇಟು ಕೊಟ್ಟು, ಮೇಲೆ ಚಾನೆಲ್ ಎಂಬ ಕಬ್ಬಿಣದ ತೊಲೆ ಹಾಯಿಸಿದೆ. ಎಲ್ಲವನ್ನೂ ಮೊದಲು ಟ್ಯಾಕ್, ಅಂದರೆ ಹಿಡಿದು ನಿಲ್ಲುವಷ್ಟು ಚುಕ್ಕೆ ಬೆಸುಗೆ, ಮಾತ್ರ ಹಾಕಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು, ಎರಡೂ ಕರ್ಣ ಸಮ ಬಂದ ಮೇಲೆಯೇ ಪೂರ್ತಿ ಬೆಸುಗೆ. ಒಂದೇ ಕಡೆಯಿಂದ ಹಾಕುತ್ತಾ ಹೋದರೆ ಬಿಸಿಗೆ ಚೌಕಟ್ಟು ಎಳೆದುಕೊಳ್ಳುತ್ತದೆ, ಆದ್ದರಿಂದ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿದೆ.

ಕಾಯಿ ಕೂರುವ ಹಾಸಿಗೆಯನ್ನೂ ಪೈಪಿನಲ್ಲೇ ಮಾಡಬಹುದಿತ್ತು, ನನಗೆ ಲಾಭವೂ ಹೆಚ್ಚುತ್ತಿತ್ತು. ಆದರೆ ಅವರ ಹಳೆಯ ಅಡಿಕೆ ದಬ್ಬೆಗಳು ಗಟ್ಟಿಯಾಗಿಯೇ ಇದ್ದವು. ಅವುಗಳ ಸಂದಿನಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಕಾಯಿ ಕೆಳಗೆ ಬೀಳುವುದಿಲ್ಲ. "ಇವೇ ಸಾಕು, ಹೊಸದು ಬೇಡ" ಎಂದೆ. ಆ ರೈತರು ನನ್ನ ಮುಖವನ್ನು ಒಂದು ಕ್ಷಣ ಸುಮ್ಮನೆ ನೋಡಿದರು. ಮುಂದಿನ ಮೂರು ಅಟ್ಟದ ಕೆಲಸಗಳು ಅವರ ಮಾತಿನಿಂದಲೇ ಬಂದವು.

ಜೊತೆಗೆ ಕೆಲಸ ಮಾಡುವ ಹುಡುಗರ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಜಿ.ಐ. ಪೈಪು ಎಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ಆ ಸತುವನ್ನು ಉಜ್ಜಿ ತೆಗೆಯದೆ ಬೆಸೆದರೆ ಬರುವ ಬಿಳಿ ಹೊಗೆ ಸಂಜೆಗೆ ಚಳಿಜ್ವರ ತರುತ್ತದೆ. ಒಬ್ಬ ಹುಡುಗ ಹಾಗೆ ನಡುಗುತ್ತಾ ಮಲಗಿದ್ದನ್ನು ಪೀಣ್ಯದಲ್ಲಿ ನೋಡಿದ್ದೇನೆ. ನನ್ನಲ್ಲಿ ಮೊದಲು ಗ್ರೈಂಡರ್, ಆಮೇಲೆ ಬೆಸುಗೆಯ ರಾಡ್, ಅದೂ ಬಾಗಿಲು ತೆರೆದಿಟ್ಟು. ಎಷ್ಟೇ ಅವಸರದ ಕೆಲಸವಾದರೂ ಸರಿ.

ಈಗ ಗೇಟು ಕೇಳಿ ಬರುವವರಿಗೆ ಕಾಗದದಲ್ಲಿ ಎರಡು ಸಾಲು ಬರೆದುಕೊಡುತ್ತೇನೆ: ಇದು 12 ಎಂ.ಎಂ. ಹಾಕಿದರೆ, ಇದು 16 ಹಾಕಿದರೆ. ಪಕ್ಕದಲ್ಲಿ ಕೆ.ಜಿ., ಅದರ ಪಕ್ಕದಲ್ಲಿ ರೂಪಾಯಿ. ಹೆಚ್ಚಿನವರು 12ನ್ನೇ ಆರಿಸಿಕೊಳ್ಳುತ್ತಾರೆ.