ಕ್ರಾಕರಿ ಯೂನಿಟ್ ಮಾಡಿಸೋ ಮುಂಚೆ

ಹೊಸ ಮನೆಗೆ ಕ್ರಾಕರಿ ಯೂನಿಟ್, ಅಂದ್ರೆ ಪಿಂಗಾಣಿ ತಟ್ಟೆ-ಲೋಟ ಇಡೋ ಕಪಾಟು, ಮಾಡಿಸೋರು ಗಮನಿಸಿ. ಗಾಜಿನ ಬಾಗಿಲು ಬರೀ ಶೋಕಿಗಲ್ಲ, ಧೂಳು, ಎಣ್ಣೆ ಜಿಡ್ಡು ಪಿಂಗಾಣಿಗೆ ತಾಗದಿರಲಿ ಅಂತ. ಹಾಗಾಗಿ ಒಲೆ ಪಕ್ಕ ಬೇಡ, ಊಟದ ಮೇಜಿನ ಹತ್ತಿರ ಇರಲಿ. ಭಾರದ ಡಿನ್ನರ್ ಸೆಟ್ ಕೆಳಗಿನ ಮರದ ಹಲಗೆಗೆ.

ತಟ್ಟೆ ಒಂದರ ಮೇಲೊಂದು ಇಡುವಾಗ ನಡುವೆ ಟಿಶ್ಯೂ ಹಾಕಿ. ಪಿಂಗಾಣಿ ತಟ್ಟೆಯ ತಳದ ಉಂಗುರಕ್ಕೆ ಸಾಮಾನ್ಯವಾಗಿ ಗ್ಲೇಜ್, ಅಂದ್ರೆ ಗಾಜಿನಂಥ ನುಣುಪು ಲೇಪ, ಇರಲ್ಲ. ಆ ಒರಟು ಅಂಚೇ ಕೆಳಗಿನ ತಟ್ಟೆಯ ಹೂವಿನ ಚಿತ್ರ ಗೀಚಿ ಹಾಕೋದು. ಬೆಳ್ಳಿ ಸಾಮಾನೂ ಅಲ್ಲೇ ಇಡ್ತೀರಾ? ರಬ್ಬರ್ ಬ್ಯಾಂಡ್ ಹತ್ತಿರ ಬಿಡಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ. ಮಳೆಗಾಲದಲ್ಲಿ ಒಂದೆರಡು ಸೀಮೆಸುಣ್ಣ ಇಟ್ಟರೆ ತೇವ ಎಳ್ಕೊಳ್ಳುತ್ತೆ.

ನೆಂಟರು ಬಂದಾಗಲೂ ಆಚೆ ಬರದ ಕಪ್ಪಿಗೆ ಬೀಗ ಯಾಕೋ ನಂಗಂತೂ ಗೊತ್ತಿಲ್ಲ! ಅದರಲ್ಲೇ ಕಾಫಿ ಕುಡೀರಿ. ಚಿನ್ನದ ಗೆರೆ ಇದ್ದರೆ ಮೈಕ್ರೋವೇವ್‌ಗೆ ಮಾತ್ರ ಇಡಬೇಡಿ, ಕಿಡಿ ಹಾರುತ್ತೆ.